ಲ್ಯಾಪ್‌ಟಾಪ್ ಹಗುರಾಗಲಿ, ಆದರೆ ಹುಷಾರಾಗಿ!

ನಮ್ಮ ಬಜಪೆ ವಿಮಾನ ನಿಲ್ದಾಣದ ಊರು. ಇಲ್ಲಿ ಹಲವರ ಕೈಯಲ್ಲಿರುವುದು ದುಬೈಯಲ್ಲೋ ದಮ್ಮಾಮ್‌ನಲ್ಲೋ ಇರುವ ಅಣ್ಣ ಅಥವಾ ಮಾವ ಬಳಸಿ, ರಜೆಗೆ ಬಂದಾಗ ಕೊಟ್ಟು ಹೋದ ಲ್ಯಾಪ್‌ಟಾಪ್. ಆನ್ ಮಾಡಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಹತ್ತು ಗಂಟೆಗೆ ಆನ್‌ಲೈನ್ ಇಂಟರ್‌ವ್ಯೂ ಇದ್ದರೆ ಒಂಬತ್ತೂವರೆಗೇ ಆನ್ ಮಾಡಿ ಕಾಯಬೇಕು. ಆಗ ‘ಒಂದೇ ಕ್ಲಿಕ್‌ನಲ್ಲಿ ರಾಕೆಟ್ ವೇಗ’ ಎಂಬ ವಿಡಿಯೊ ಕಂಡರೆ ಯಾರಿಗಾದರೂ ಆಸೆಯಾಗುತ್ತದೆ.

ಗೆಳೆಯರ ಲ್ಯಾಪ್‌ಟಾಪ್‌ಗಳನ್ನು ಸರಿಮಾಡುತ್ತಾ ನಾನು ತಿಳಿದುಕೊಂಡದ್ದು ಇಷ್ಟೇ: ಬೇಡದ್ದನ್ನು ತೆಗೆಯಲು ಬೇಕಾದ ಸೌಲಭ್ಯಗಳೆಲ್ಲ ವಿಂಡೋಸ್‌ನೊಳಗೇ ಇವೆ. ಹೊರಗಿನ ಕ್ಲೀನರ್ ತರುವುದೆಂದರೆ ಮನೆ ಗುಡಿಸಲು ಬಂದ ಅಪರಿಚಿತರಿಗೆ ಕಪಾಟಿನ ಬೀಗದ ಕೈ ಕೊಟ್ಟ ಹಾಗೆ.

ಸಿಕ್ಲೀನರ್ ಎಂಬ ಜನಪ್ರಿಯ ಸಾಫ್ಟ್‌ವೇರ್‌ನ ಕತೆ ನೋಡಿ. 2017ರ ಆಗಸ್ಟ್‌ನಲ್ಲಿ ಬಂದ ಅದರ 5.33ನೇ ಆವೃತ್ತಿಯೊಳಗೆ ಹ್ಯಾಕರ್‌ಗಳು ಕಳ್ಳ ಪ್ರೋಗ್ರಾಂ ಸೇರಿಸಿದ್ದರು. 22 ಲಕ್ಷಕ್ಕೂ ಹೆಚ್ಚು ಬಳಕೆದಾರರಿಗೆ ಅದು ತಲುಪಿತ್ತು. ಇನ್ನು, ಬಳಕೆದಾರರು ಯಾವ ಜಾಲತಾಣ ನೋಡುತ್ತಾರೆಂಬ ಮಾಹಿತಿಯನ್ನು ಮಾರಿದ್ದಕ್ಕಾಗಿ ಆಂಟಿವೈರಸ್ ಕಂಪನಿ ಅವಾಸ್ಟ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಕ್ರಮ ಕೈಗೊಂಡಿತು. ತೆರಬೇಕಾದ ಮೊತ್ತ 1.65 ಕೋಟಿ ಡಾಲರ್. ಹೆಸರುವಾಸಿ ಕಂಪನಿಗಳದ್ದೇ ಹೀಗಾದರೆ, ಯಾರೋ ಮಾಡಿಟ್ಟ ‘ಲೈಟ್ ವಿಂಡೋಸ್’ ಹಾಕಿ ಅದರಲ್ಲಿ ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುವ ಧೈರ್ಯ ನನಗಂತೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಮಾರ್ಕ್ಸ್‌ಕಾರ್ಡ್, ರೆಸ್ಯೂಮೆ, ಪ್ರಾಜೆಕ್ಟ್ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಒನ್‌ಡ್ರೈವ್‌ನಲ್ಲಿ ಮೋಡದ ಗುರುತಿರುವ ಫೈಲ್‌ಗಳು ಇಂಟರ್ನೆಟ್‌ನಲ್ಲಿ ಮಾತ್ರ ಇರುತ್ತವೆ. ಅವನ್ನು ಇಳಿಸಿಕೊಳ್ಳದೆ ಒನ್‌ಡ್ರೈವ್ ತೆಗೆಯಬೇಡಿ. ಆಮೇಲೆ ಒಂದು ‘ರಿಸ್ಟೋರ್ ಪಾಯಿಂಟ್’ ಮಾಡಿಡಿ. ಎಡವಟ್ಟಾದರೆ ಸಿಸ್ಟಂ ಸೆಟ್ಟಿಂಗ್ಸ್ ಹಿಂದಿನ ಸ್ಥಿತಿಗೆ ತರಲು ಅದು ಬೇಕು.

ಬೇರೆಯವರು ಬಳಸಿದ ಲ್ಯಾಪ್‌ಟಾಪ್ ಆದರೆ ಒಂದೊಂದೇ ಆ್ಯಪ್ ತೆಗೆಯುತ್ತ ಕೂರಬೇಡಿ. ಕೊಟ್ಟವರಿಗೆ ಅದರೊಳಗಿನ ಯಾವುದಾದರೂ ಬೇಕೇ ಎಂದು ಕೇಳಿ, ನಂತರ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವೆರಿಥಿಂಗ್’ ಆರಿಸಿ. ಅವರ ಫೋಟೊ, ಪಾಸ್‌ವರ್ಡ್ ನಿಮಗೆ ಬೇಡ; ನಿಮ್ಮದು ಅವರ ಹಳೆಯ ಖಾತೆಗೆ ಹೋಗುವುದೂ ಬೇಡ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಬ್ಯಾಟರಿ ತುಂಬಿರುವಾಗ ಚಾರ್ಜರ್ ಹಾಕಿಯೇ ಇದನ್ನು ಮಾಡಿ.

ನಿಮ್ಮದೇ ಲ್ಯಾಪ್‌ಟಾಪ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಸ್ಟಾರ್ಟ್‌ಅಪ್’ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಇದರಿಂದ ಯಾವುದೂ ಅಳಿಸಿಹೋಗುವುದಿಲ್ಲ, ಬೇಕೆಂದಾಗ ಮತ್ತೆ ಆನ್ ಮಾಡಬಹುದು. ಬಳಸದ ಗೇಮ್, ಅವಧಿ ಮುಗಿದ ಟ್ರಯಲ್ ಆಂಟಿವೈರಸ್ ಅನ್‌ಇನ್‌ಸ್ಟಾಲ್ ಮಾಡಿ. ‘ಸ್ಟೋರೇಜ್’ನಲ್ಲಿ ಟೆಂಪರರಿ ಫೈಲ್ಸ್ ಅಳಿಸುವಾಗ ‘ಡೌನ್‌ಲೋಡ್ಸ್’ಗೆ ಟಿಕ್ ಬಿದ್ದಿಲ್ಲವೆಂದು ನೋಡಿಕೊಳ್ಳಿ. ನಮ್ಮ ಹಾಲ್‌ಟಿಕೆಟ್ ಇರುವುದೇ ಅಲ್ಲಿ!

ಖಾಸಗಿತನಕ್ಕೆ ‘ಪ್ರೈವೆಸಿ’ ವಿಭಾಗದಲ್ಲಿ ಅಡ್ವರ್ಟೈಸಿಂಗ್ ಐಡಿ ಮತ್ತು ಆಪ್ಷನಲ್ ಡಯಾಗ್ನೋಸ್ಟಿಕ್ ಡೇಟಾ ಆಫ್ ಮಾಡಿ. ಲೊಕೇಶನ್, ಮೈಕ್, ಕ್ಯಾಮೆರಾ ಯಾವ ಆ್ಯಪ್‌ಗೆ ಸಿಗುತ್ತಿದೆ ಎಂದು ನೋಡಿ. ಇಂಟರ್‌ವ್ಯೂಗೆ ಬಳಸುವ ಬ್ರೌಸರ್‌ಗೆ ಮಾತ್ರ ಮೈಕ್, ಕ್ಯಾಮೆರಾ ಬಿಟ್ಟಿರಿ.

ಮುಟ್ಟಬಾರದವೂ ಇವೆ. ಡಿಫೆಂಡರ್ ಮತ್ತು ವಿಂಡೋಸ್ ಅಪ್‌ಡೇಟ್ ನಿಲ್ಲಿಸಬೇಡಿ. ‘ವೆಬ್‌ವ್ಯೂ2’, ‘ವಿಷುವಲ್ ಸಿ++’ ಎಂಬ ಹೆಸರುಗಳು ಅಪರಿಚಿತ ಅನ್ನಿಸಬಹುದು, ಆದರೆ ಅನೇಕ ಆ್ಯಪ್‌ಗಳು ಅವುಗಳ ಮೇಲೆ ನಿಂತಿವೆ. ಭಾಷೆಯ ಪಟ್ಟಿಯಲ್ಲಿರುವ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ತೆಗೆದರೆ ತುಂಗಾ ಫಾಂಟ್ ಹೋಗುತ್ತದೆ. ಅದರಲ್ಲಿ ಟೈಪ್ ಮಾಡಿದ ಹಳೆಯ ಕಡತಗಳ ರೂಪವೇ ಬದಲಾಗುತ್ತದೆ.

ಇಷ್ಟೆಲ್ಲ ಮಾಡಿಯೂ ನಿಧಾನವೇ ಇದ್ದರೆ ಯಂತ್ರಕ್ಕೆ ವಯಸ್ಸಾಗಿದೆ. ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಯಾವ ಕ್ಲೀನರ್‌ನಿಂದಲೂ ಸಿಗದ ವೇಗ ಸಿಗುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು. ಅದಿಲ್ಲದ ಲ್ಯಾಪ್‌ಟಾಪ್‌ಗೆ ಉಚಿತ ಲಿನಕ್ಸ್ ಒಂದು ದಾರಿ. ತಲಪಾಡಿ ದಾಟಿ ಕಾಸರಗೋಡು ಜಿಲ್ಲೆಗೆ ಹೋದರೆ, ಕೇರಳ ಸರಕಾರದ ‘ಕೈಟ್’ ಸಂಸ್ಥೆ ರೂಪಿಸಿದ ಲಿನಕ್ಸ್‌ನಲ್ಲೇ ಶಾಲಾ ಮಕ್ಕಳು ಕಂಪ್ಯೂಟರ್ ಕಲಿಯುತ್ತಾರೆ. ಹೈಸ್ಕೂಲ್ ಮಕ್ಕಳಿಗೆ ಸಾಧ್ಯವಾದದ್ದು ನಮಗೆ ಕಷ್ಟವೇನಲ್ಲ. ನೀವು ಬರೆಯುವ ಆನ್‌ಲೈನ್ ಪರೀಕ್ಷೆಯ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಕೊನೆಯದಾಗಿ ಒಂದು ಮಾತು. ಈ ಕೆಲಸವನ್ನು ಇಂಟರ್‌ವ್ಯೂ ಹಿಂದಿನ ರಾತ್ರಿ ಹಚ್ಚಿಕೊಳ್ಳಬೇಡಿ. ರಜೆಯ ದಿನ ನೋಡಿ, ಒಂದು ಬದಲಾವಣೆ ಮಾಡಿ, ಎರಡು ದಿನ ಬಳಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಏನು ತೆಗೆದಿರಿ ಎಂಬುದನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ತೊಂದರೆ ಬಂದರೆ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ.