ಮೋಟಾರಿನ ಕೀಲಿ ಸ್ವಿಚ್ಚು

ಕೀಲಿಕೈಯನ್ನು ತಿರುಗಿಸಿದೊಡನೆ ಮೋಟಾರಿನ ಯಂತ್ರವು ನಡೆಯತೊಡಗುತ್ತದೆ. ಈ ನಡುವೆ ಏನಾಗುತ್ತದೆಂಬುದನ್ನು ನಮ್ಮಲ್ಲಿ ಬಹುಮಂದಿ ವಿಚಾರಿಸುವುದಿಲ್ಲ, ನಾನೂ ವಿಚಾರಿಸಿದವನಲ್ಲ. ಗದಗಿಗೆ ಸಮೀಪದ ಹೊಂಬಳದಲ್ಲಿ ಒಂದು ರಾತ್ರಿ ನನ್ನ ಸೋದರತ್ತೆಯವರಿಗೆ ಎದೆನೋವು ಬಂದಾಗ, ನಮ್ಮ ಹಳೆಯ ಅಂಬಾಸಡರ್ ಗಾಡಿಯು ಆ ಪಾಠವನ್ನು ಕಲಿಸಿತು. ಕೀಲಿಕೈ ತಿರುಗಿಸಿದರೆ ಯಂತ್ರವು ಹೊರಡುವುದು. ಕೈ ಸಡಿಲಿಸಿದೊಡನೆ ನಿಂತುಹೋಗುವುದು. ಐದಾರು ಸಲ ಹೀಗಾದ ಮೇಲೆ ಅತ್ತೆಯವರನ್ನು ನೆರೆಯವರ ಜೀಪಿನಲ್ಲಿ ಸಾಗಿಸಿದೆವು. ಅವರು ಗುಣ ಹೊಂದಿದರು. ಆದರೆ ಅದರ ಹಿಂದಿನ ವಾರವೇ ಗಾಡಿಗೆ ಹೊಸ ಬ್ಯಾಟರಿ ಹಾಕಿಸಿ, ರೋಗವು ನೀಗಿತೆಂದು ನಾನು ನಂಬಿದ್ದೆ. ನಿದಾನವಿಲ್ಲದ ಚಿಕಿತ್ಸೆ ಎಂದರೆ ಇದೇ.

ಮೊದಲು ಮೋಟಾರುಗಳನ್ನು ಹಿಡಿಕೆ ತಿರುವಿ ಹೊರಡಿಸಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಗಾಡಿಯಲ್ಲಿ ಬಂದು ಆ ಶ್ರಮವನ್ನು ತಪ್ಪಿಸಿತು. ಮುಂದೆ ಒಂದೇ ಕೀಲಿಕೈಗೆ ಎರಡು ಕೆಲಸಗಳು ಸೇರಿದುವು: ಕಿಡಿ ಹುಟ್ಟಿಸುವ ಕಾಯಿಲ್‌ಗೆ ವಿದ್ಯುತ್ತನ್ನು ಒದಗಿಸುವುದು ಒಂದು, ಸ್ಟಾರ್ಟರಿನ ಸಾಲಿನಾಯ್ಡಿಗೆ ಕ್ಷಣಕಾಲ ಅಪ್ಪಣೆ ಕೊಡುವುದು ಇನ್ನೊಂದು. ಸ್ವಿಚ್ಚಿನ ಒಳಗೆ ಒಂದು ಲೋಹದ ತಟ್ಟೆ ತಿರುಗಿ ಬೇರೆ ಬೇರೆ ತುದಿಗಳನ್ನು ಮುಟ್ಟುತ್ತದೆ. ವರ್ಷಗಳ ಬಳಕೆಯಿಂದ ಈ ಮುಟ್ಟುವ ಜಾಗಗಳು ಸವೆಯುತ್ತವೆ, ಸುಟ್ಟು ಕರಿಕಟ್ಟುತ್ತವೆ.

ಹಾಗಾದರೆ ದೋಷವು ಸ್ವಿಚ್ಚಿನಲ್ಲಿಯೇ ಇದೆಯೆಂದು ತಿಳಿಯುವ ಬಗೆ ಹೇಗೆ? ಮೊದಲು ಮುಂದೀಪಗಳನ್ನು ಹಚ್ಚಿ ನೋಡತಕ್ಕದ್ದು. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಇವು ಕೀಲಿ ಸ್ವಿಚ್ಚನ್ನು ಹಾದುಬರುವುದಿಲ್ಲ. ದೀಪ ಮಂದವಾಗಿದ್ದರೆ, ಇಲ್ಲವೆ ಸ್ಟಾರ್ಟರ್ ಒತ್ತಿದೊಡನೆ ಆರುವಂತಾದರೆ, ಬ್ಯಾಟರಿಯನ್ನೂ ಅದರ ತಂತಿ ತುದಿಗಳನ್ನೂ ಶಂಕಿಸಬೇಕು. ದೀಪವು ಪ್ರಕಾಶವಾಗಿದ್ದರೆ ಮುಂದಕ್ಕೆ ಹೋಗಬಹುದು.

12 ವೋಲ್ಟಿನ ಚಿಕ್ಕ ಬಲ್ಬಿಗೆ ಎರಡು ತಂತಿಗಳನ್ನು ಕಟ್ಟಿ, ಒಂದನ್ನು ಗಾಡಿಯ ಬಣ್ಣವಿಲ್ಲದ ಕಬ್ಬಿಣಕ್ಕೆ ತಗುಲಿಸಿ, ಇನ್ನೊಂದನ್ನು ಸ್ವಿಚ್ಚಿನ ಹಿಂದೆ ಬ್ಯಾಟರಿಯ ತಂತಿ ಬಂದು ಸೇರುವ ತುದಿಗೆ ಮುಟ್ಟಿಸಿರಿ. ಬಲ್ಬು ಉರಿಯಬೇಕು. ಉರಿಯದಿದ್ದರೆ ಬರುವ ತಂತಿಯೇ ಕಡಿದಿದೆ. ಉರಿದರೆ, ಕೀಲಿಕೈಯನ್ನು ನಡೆಯುವ ಸ್ಥಾನಕ್ಕೆ ತಂದು, ಕಾಯಿಲ್‌ಗೆ ಹೋಗುವ ತುದಿಯನ್ನು ಮುಟ್ಟಿಸಿರಿ. ಒಳಬರುವ ತುದಿಯಲ್ಲಿ ಬೆಳಕಿದ್ದು ಹೊರಹೋಗುವ ತುದಿಯಲ್ಲಿ ಇಲ್ಲವಾದರೆ, ಅಥವಾ ಕೀಲಿಕೈ ಅಲ್ಲಾಡಿಸಿದಾಗ ಬೆಳಕು ಮಿಣುಕಿದರೆ, ಅಪರಾಧಿಯು ಸ್ವಿಚ್ಚೇ. ಎರಡೂ ಕಡೆ ಬೆಳಕು ಸ್ಥಿರವಾಗಿದ್ದೂ ಯಂತ್ರ ನಿಂತರೆ, ಕಾಯಿಲ್‌ನ ಕಡೆಗೆ ಹುಡುಕಬೇಕು. ಕೆಲವು ಗಾಡಿಗಳಲ್ಲಿ ಕಾಯಿಲ್‌ಗೆ ಮುಂಚೆ ಇರುವ ರೋಧಕ ತಂತಿ ತುಂಡಾದರೂ ಇದೇ ಲಕ್ಷಣ ಕಾಣುತ್ತದೆ. ನಮ್ಮ ಗಾಡಿಯಲ್ಲಿ ಹೊರಹೋಗುವ ತುದಿಯು ಕತ್ತಲಾಗಿತ್ತು.

ಬದಲಿಸುವ ಕೆಲಸ ಕಷ್ಟವಲ್ಲ. ಅವಸರ ಮಾತ್ರ ಕೂಡದು. ಮೊದಲು ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ತಂತಿಯನ್ನು ಬಿಚ್ಚಿರಿ. ಇದನ್ನು ಮರೆತರೆ ತಿರುಪುಳಿಯ ಒಂದು ಜಾರಿಕೆಯಿಂದ ತಂತಿಗಳೆಲ್ಲ ಸುಡಬಹುದು. ಯಾವ ತಂತಿ ಯಾವ ತುದಿಯದೆಂದು ಚೀಟಿ ಕಟ್ಟಿ, ಸ್ವಿಚ್ಚನ್ನು ಹಲಗೆಗೆ ಬಿಗಿದಿರುವ ಉಂಗುರವನ್ನು ತಿರುಗಿಸಿ ತೆಗೆಯಿರಿ. ಹೊಸ ಸ್ವಿಚ್ಚಿನ ತುದಿಗಳೂ ಅವುಗಳ ಕ್ರಮವೂ ಹಳೆಯದರಂತೆಯೇ ಇವೆಯೇ ಎಂದು ನೋಡಿ, ಒಂದೊಂದೇ ತಂತಿಯನ್ನು ಬದಲಾಯಿಸಿ ಬಿಗಿಯಿರಿ. ಕೊನೆಗೆ ಬ್ಯಾಟರಿಯನ್ನು ಜೋಡಿಸಿ, ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು, ಯಂತ್ರ ಹೊರಡುವುದನ್ನೂ ನಡೆಯುವುದನ್ನೂ ಮುಖ್ಯವಾಗಿ ನಿಲ್ಲುವುದನ್ನೂ ಪರೀಕ್ಷಿಸಿರಿ. ಸ್ವಿಚ್ಚನ್ನು ಬಿಟ್ಟು ತಂತಿಗೆ ತಂತಿ ಕಟ್ಟಿ ಓಡಿಸುವುದು ಅಪಾಯ. ಬೆಂಕಿ ತಗುಲಿದಾಗ ಯಂತ್ರವನ್ನು ನಿಲ್ಲಿಸಲು ಕೀಲಿಯೇ ಇರುವುದಿಲ್ಲ. ಸ್ಟಿಯರಿಂಗಿಗೆ ಬೀಗ ಹಾಕುವ ಬಗೆಯ ಸ್ವಿಚ್ಚನ್ನೂ ಗಾಳಿಚೀಲವುಳ್ಳ ಹೊಸ ಕಾರುಗಳನ್ನೂ ಬಲ್ಲವರಿಗೇ ಬಿಡತಕ್ಕದ್ದು.

ಹೊಸ ಸ್ವಿಚ್ಚು ಮತ್ತೆ ಕೆಡದಂತೆ ನೋಡಿಕೊಳ್ಳುವುದೂ ನಮ್ಮ ಕೈಯಲ್ಲಿದೆ. ಹೆಚ್ಚಿನ ದೀಪ, ಹಾರನ್ನುಗಳ ಹೊರೆಯನ್ನು ಸ್ವಿಚ್ಚಿನ ಮೇಲೆ ಹೇರದೆ ರಿಲೇಯ ಮೂಲಕ ಕೊಡಬೇಕು. ಯಂತ್ರ ನಿಂತಿರುವಾಗ ಕೀಲಿಯನ್ನು ತೆರೆದಿಟ್ಟರೆ ಕಾಯಿಲ್ ಕಾದು ಕೆಡಬಹುದು. ಕೀಲಿಕೈಯೊಡನೆ ಮನೆಯ, ಕಪಾಟಿನ, ಕಾಲೇಜಿನ ಕೀಲಿಗಳ ಗೊಂಚಲನ್ನು ತೂಗುಹಾಕಬಾರದು. ಇದು ಸಣ್ಣ ಮಾತಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 2014ರಲ್ಲಿ ಸುಮಾರು 26 ಲಕ್ಷ ಗಾಡಿಗಳನ್ನು ಸ್ವಿಚ್ಚಿನ ದೋಷಕ್ಕಾಗಿ ಹಿಂದಕ್ಕೆ ಕರೆಯಿತು. ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಕೀಲಿ ತಾನೇ ತಿರುಗಿ, ಓಡುತ್ತಿದ್ದ ಯಂತ್ರ ನಿಂತು, ಗಾಳಿಚೀಲಗಳೂ ಕೆಲಸ ಮಾಡದಾಗುತ್ತಿದ್ದುವು. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು.

ನಮ್ಮ ಗಾಡಿಯ ಕೀಲಿಕೈ ಈಗ ಒಂಟಿಯಾಗಿ ತೂಗುತ್ತಿದೆ. ಆ 12 ವೋಲ್ಟಿನ ಬಲ್ಬೂ ತಂತಿಯೂ ಗಾಡಿಯ ಪೆಟ್ಟಿಗೆಯಲ್ಲಿವೆ. ಹೊಂಬಳಕ್ಕೆ ಹೋದಾಗಲೆಲ್ಲ ಅತ್ತೆಯವರು, "ಬಲ್ಬು ತಂದೀಯೇನೋ?" ಎಂದು ತಪ್ಪದೆ ಕೇಳುತ್ತಾರೆ.