ವೈಫೈ ಏಕೆ ಕುಂಟುತ್ತದೆ?

ಘಾಜಿಯಾಬಾದಿನ ನಮ್ಮ ಬಿಡಾರದಲ್ಲಿ ಒಮ್ಮೆ ಗಣಕಯಂತ್ರದ ವೈಫೈ ಆಮೆನಡೆಗೆ ಇಳಿಯಿತು. ಊರಿನಲ್ಲಿರುವ ತಾಯಿಯವರ ಮುಖವು ಪರದೆಯ ಮೇಲೆ ತಡೆತಡೆದು ಬರುತ್ತಿದ್ದಿತು. ಪಕ್ಕದ ಮೊಬೈಲಿನಲ್ಲಾದರೋ ಅದೇ ವೈಫೈ ಚುರುಕಾಗಿದ್ದುದರಿಂದ ದೋಷವು ರೌಟರಿನದಲ್ಲವೆಂದು ತಿಳಿದೆವು.

ಅಡಾಪ್ಟರನ್ನು ನಡೆಯಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಇವನು ಬಸ್ಸಿನ ಡ್ರೈವರನಲ್ಲ! ವಿಂಡೋಸ್ ತಾನಾಗಿ ಹಾಕಿಕೊಳ್ಳುವ ಸಾಮಾನ್ಯ ಡ್ರೈವರು ಅಡಾಪ್ಟರಿನ ಪೂರ್ಣ ಶಕ್ತಿಯನ್ನು ಬಳಸದಿರಬಹುದು. ನಮ್ಮದರಲ್ಲಿ ಸಂಪರ್ಕವೇಗವು ಸೆಕೆಂಡಿಗೆ 54 ಮೆಗಾಬಿಟ್ಟಿಗೇ ನಿಂತಿದ್ದಿತು. 2003ರಲ್ಲಿ ಬಂದ ‘ಜಿ’ ಮಾನಕದ ಪರಮಾವಧಿಯೇ ಇದು. ಅಡಾಪ್ಟರೋ ಅದಕ್ಕಿಂತ ಹೊಸದು.

ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರಿನ ದಿನಾಂಕವನ್ನು ನೋಡಿ, ತಯಾರಕರ ತಾಣದಿಂದ ತಕ್ಕುದನ್ನು ತಂದು ಹಾಕಲಾಗಿ ವೇಗವು 150ಕ್ಕೇರಿತು. ಕೆಲವೊಮ್ಮೆ ಹೊಸ ಡ್ರೈವರೇ ಕೆಡಿಸುವುದುಂಟು. ಆಗ ‘ರೋಲ್ ಬ್ಯಾಕ್’ ಒತ್ತಿ ಹಿಂದಿನದಕ್ಕೆ ಮರಳಬೇಕು.

ಅಂದು ನಮ್ಮನ್ನು ಸ್ಪಷ್ಟವಾಗಿ ಕಂಡೊಡನೆಯೇ ತಾಯಿಯವರು, “ಸೊರಗಿದ್ದೀಯಲ್ಲೋ!” ಎಂದರು.