ನಮ್ಮವರ ಅಂಗಡಿ, ಬಿಲ್ಲಿಲ್ಲದ ಮೆಷಿನ್

ರಮಝಾನ್ ಪೆರ್ನಾಲ್ ಕಳೆದು ಹತ್ತನೇ ದಿನ ನಮ್ಮ ಶೆಡ್ಡಿಗೆ ಮೆಷಿನ್ ಬಂತು. ಹದಿಮೂರು ಇಂಚಿನ ಪ್ಲೇನರ್. ಮೇಲೆ ಹಲಗೆಯ ಮುಖ ತೆಗೆಯಬಹುದು, ಕೆಳಗೆ ತೂರಿಸಿದರೆ ದಪ್ಪ ಒಂದೇ ಸಮ ಆಗ್ತದೆ. ಲಾರಿಯಿಂದ ಇಳಿಸಲು ಆರು ಜನ ಬೇಕಾಯಿತು. ಉಮ್ಮ ಮನೆಯಿಂದ ಪಾಯಸ ಕಳಿಸಿದರು. ಉಸ್ತಾದರು ಬಂದು ದುಆ ಮಾಡಿದರು. ಜುಬೈಲಿನಲ್ಲಿರುವ ಕಾಕ ವಿಡಿಯೋ ಕಾಲಿನಲ್ಲಿ ನೋಡುತ್ತಾ, "ಒಮ್ಮೆ ಆನ್ ಮಾಡಿ, ಸದ್ದು ಕೇಳ್ತೇನೆ" ಎಂದರು. ಹಣ ಅವರದ್ದು. ಎರಡು ವರ್ಷ ಓವರ್‌ಟೈಮ್ ಮಾಡಿ ಉಳಿಸಿದ್ದು. ಬ್ಯಾಂಕಿನ ಬಡ್ಡಿ ಸಾಲ ಬೇಡ, ಇದ್ದಷ್ಟರಲ್ಲೇ ಮಾಡುವ ಎಂಬುದು ಮನೆಯವರೆಲ್ಲರ ತೀರ್ಮಾನವಾಗಿತ್ತು. ಇಲ್ಲಿ ಕೆಲಸ ಒಂದು ಹಂತಕ್ಕೆ ಬಂದರೆ ಕಾಕ ಗಲ್ಫ್ ಬಿಟ್ಟು ಬಂದು ನಮ್ಮ ಜೊತೆಗೇ ನಿಲ್ಲುವುದೆಂದೂ ಮಾತಾಗಿತ್ತು.

ಮೊದಲ ಇಪ್ಪತ್ತು ನಿಮಿಷ ಮೆಷಿನ್ ಚೆನ್ನಾಗಿಯೇ ಓಡಿತು. ಆಮೇಲೆ ಗ್ರೀಸು ಕರಗಿದ ವಾಸನೆ ಬಂತು. ಬೇರಿಂಗಿನ ಹತ್ತಿರ ಕೈ ಇಡಲು ಆಗಲಿಲ್ಲ. ಹೊರಗೆ ಬಂದ ಹಲಸಿನ ಹಲಗೆಯನ್ನು ಅಳೆದು ನೋಡಿದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು.

ನಾವು ತಮ್ಮಂದಿರಿಬ್ಬರು ಒಬ್ಬ ಹುಡುಗನ ಸಹಾಯದಿಂದ ಬಾಗಿಲು, ಮಂಚ, ಕಪಾಟು ಮಾಡಿ ಬದುಕುವವರು. ನಮ್ಮ ಈ ಕಥೆಯನ್ನು ಇಲ್ಲಿ ಹೇಳಲು ಕಾರಣ ಉಂಟು. ಗಲ್ಫಿನಿಂದ ಮರಳಿದವರು ಈಗ ಊರಲ್ಲಿ ಸಣ್ಣ ಕೆಲಸ ಶುರು ಮಾಡುತ್ತಿದ್ದಾರೆ. ಕೆಲವರು ಫರ್ನಿಚರ್, ಕೆಲವರು ಅಲ್ಯೂಮಿನಿಯಂ ಫ್ಯಾಬ್ರಿಕೇಶನ್, ಇನ್ನು ಕೆಲವರು ಬೇಕರಿ, ಹಿಟ್ಟಿನ ಗಿರಣಿ. ಎಲ್ಲರೂ ಮೊದಲು ಖರೀದಿಸುವುದು ಒಂದು ಮೆಷಿನ್. ನಾವು ಬಿದ್ದ ಗುಂಡಿಗೆ ಅವರು ಬೀಳುವುದು ಬೇಡ.

ತೆರಿಗೆ ಉಳಿಸಿದ ಆಸೆ

ಮೆಷಿನ್ ಕೊಟ್ಟವರು ಹೊರಜಿಲ್ಲೆಯ ವ್ಯಾಪಾರಿ. ನಮ್ಮ ಹಿರಿಯರೊಬ್ಬರ ಪರಿಚಯದವರು, ನಮ್ಮ ಸಮುದಾಯದವರೇ. ಸಲಾಂ ಹೇಳಿ ಕೂರಿಸಿ ಚಾ ಕೊಟ್ಟರು. ಬೆಲೆ 1,20,000 ರೂಪಾಯಿ. ಇಂಥ ಮೆಷಿನಿಗೆ ಶೇ. 18 ಜಿಎಸ್‌ಟಿ, ಅಂದರೆ ಇನ್ನೂ 21,600. "ನಮ್ಮವರಲ್ವಾ, ಬಿಲ್ ಎಂತಕ್ಕೆ? ಆ ಹಣ ನಿಮಗೇ ಉಳಿಯಲಿ" ಎಂದರು. ನಮಗೂ ಖುಷಿಯಾಯಿತು. ಮುಂಗಡ 50,000 ಬ್ಯಾಂಕಿನಿಂದ ಹಾಕಿದೆವು, ಉಳಿದ 70,000 ನಗದು ಕೊಟ್ಟೆವು. ಕೈಗೆ ಬಂದದ್ದು ಒಂದು ಎಸ್ಟಿಮೇಟ್ ಚೀಟಿ. ಅದರಲ್ಲಿ ಅಂಗಡಿಯ ಸೀಲ್ ಇಲ್ಲ, ಮೆಷಿನಿನ ಸೀರಿಯಲ್ ನಂಬರ್ ಇಲ್ಲ, ವಾರಂಟಿಯ ಮಾತಿಲ್ಲ. "ಒಂದು ವರ್ಷ ನಾನಿದ್ದೇನೆ" ಎಂದು ಬಾಯಲ್ಲಿ ಹೇಳಿದ್ದರು.

ಈ ತಪ್ಪು ಅವರೊಬ್ಬರದ್ದೇ ಎಂದರೆ ಸುಳ್ಳಾಗ್ತದೆ. ಚೀಟಿ ತೆಗೆದುಕೊಂಡು ಜೇಬಿಗೆ ಹಾಕಿದ್ದು ನಾವು.

ನಾಳೆ, ನಾಳೆ

ಮೊದಲ ಸಲ ಫೋನ್ ಮಾಡಿದಾಗ, "ಹೊಸ ಮೆಷಿನ್ ಅಲ್ವಾ, ಸ್ವಲ್ಪ ಓಡಲಿ, ಸರಿ ಆಗ್ತದೆ" ಎಂದರು. ಎರಡನೇ ಸಲ, "ನಿಮ್ಮ ಊರಿನ ಕರೆಂಟ್ ಸರಿ ಇಲ್ಲ" ಎಂದರು. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿದೆವು. ತ್ರೀ ಫೇಸ್ ಲೈನಿನಲ್ಲಿ ಇರಬೇಕಾದದ್ದು ಸುಮಾರು 415 ವೋಲ್ಟ್. ನಮ್ಮಲ್ಲಿ ಮೂರೂ ಫೇಸಿನಲ್ಲಿ 400ರ ಮೇಲಿತ್ತು. ಅದನ್ನು ಹೇಳಿದಾಗ, "ಮರ ಹಸಿ ಇರಬೇಕು" ಎಂದರು. ಮರ ಒಣಗಿದ್ದೇ ಎಂದಾಗ, "ನಿಮಗೆ ಮೆಷಿನ್ ಓಡಿಸಿ ಅಭ್ಯಾಸ ಇಲ್ಲ" ಎಂದರು. ಉಪ್ಪನ ಕಾಲದಿಂದ ಮರದ ಕೆಲಸವೇ ಮಾಡಿದವರಿಗೆ ಈ ಮಾತು!

ಆಮೇಲೆ ಶುರುವಾಯಿತು, "ನಾಳೆ ಹುಡುಗ ಬರ್ತಾನೆ, ಇನ್ಶಾ ಅಲ್ಲಾಹ್." ಆ ನಾಳೆ ಬರಲಿಲ್ಲ. ನಂತರ ಫೋನ್ ಎತ್ತುವುದನ್ನೇ ಬಿಟ್ಟರು. 'ಇನ್ಶಾ ಅಲ್ಲಾಹ್' ಎಂದು ಹೇಳುವಾಗ ನಾವು ಅಲ್ಲಾಹನ ಹೆಸರನ್ನು ಮಾತಿನೊಳಗೆ ತರುತ್ತೇವೆ. ಮಾಡುವ ಮನಸ್ಸಿಲ್ಲದ ಕೆಲಸವನ್ನು ಮುಂದೂಡಲು ಆ ಮಾತು ಬಳಸುವುದನ್ನು ಕೇಳಿ ಕೇಳಿ ಉಮ್ಮನಿಗೆ ಹಣಕ್ಕಿಂತ ಹೆಚ್ಚು ಬೇಸರ ಅದಕ್ಕೇ ಆಯಿತು.

ಆಗ ನಮ್ಮ ಕೈಯಲ್ಲಿ ನಿಕಾಹ್ ಮನೆಯೊಂದರ ಕೆಲಸ ಇತ್ತು. ಎಂಟು ಬಾಗಿಲು, ಒಂದು ಮಂಚ. ಬಕ್ರೀದ್ ಕಳೆದ ವಾರವೇ ಮದುವೆ. ಬಾಗಿಲಿನ ಪಟ್ಟಿಗಳು ಒಂದು ಮಿಲ್ಲಿಮೀಟರ್ ಹೆಚ್ಚುಕಡಿಮೆ ಆದರೂ ಜೋಡಣೆ ಕೂರುವುದಿಲ್ಲ. ಕೊನೆಗೆ ಫರಂಗಿಪೇಟೆಯ ಪರಿಚಯದವರೊಬ್ಬರ ವರ್ಕ್‌ಶಾಪಿಗೆ ರಾತ್ರಿ ಇಶಾ ನಮಾಝ್ ಆದ ಮೇಲೆ ಮರ ಹೊತ್ತುಕೊಂಡು ಹೋಗಿ, ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಕೆಲಸ ಮುಗಿಸಿದೆವು. ಬಾಡಿಗೆ, ಟೆಂಪೋ ಎಲ್ಲ ಸೇರಿ 18,000 ಹೋಯಿತು. ಮದುವೆಯ ಎರಡು ದಿನ ಮೊದಲು ಕೊನೆಯ ಬಾಗಿಲು ಕೂರಿಸಿದೆವು.

"ನಮ್ಮವರ ಮೇಲೆ ಕೇಸಾ?"

ದೂರು ಕೊಡುವ ಮಾತು ಬಂದಾಗ ಪರಿಚಯ ಮಾಡಿಸಿದ ಹಿರಿಯರು ಮನೆಗೇ ಬಂದರು. "ಬಿಡಿ ಮೋನೇ, ನಮ್ಮವರ ಮೇಲೆ ಕೇಸಾ? ಊರವರು ಎಂತ ಹೇಳ್ಲಿಕ್ಕಿಲ್ಲ?" ನಮಗೂ ಮನಸ್ಸು ಹಿಂದೆ ಮುಂದೆ ಆಯಿತು. ಉಸ್ತಾದರ ಹತ್ತಿರ ಹೋಗಿ ಕೇಳಿದೆವು.

ಅವರು ಹೇಳಿದ್ದರಲ್ಲಿ ನಮಗೆ ಅರ್ಥವಾದದ್ದು ಇಷ್ಟು. ಕುರ್‌ಆನಿನ ಅತಿ ದೊಡ್ಡ ಆಯತ್, ಸೂರಃ ಅಲ್ ಬಖರದ 282ನೆಯದು, ನಮಾಝ್ ಅಥವಾ ಉಪವಾಸದ ಬಗ್ಗೆ ಇರುವುದಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ, ಸಾಕ್ಷಿ ಇಟ್ಟುಕೊಳ್ಳುವುದರ ಬಗ್ಗೆ ಇರುವುದು. ಸರಕಿನಲ್ಲಿ ದೋಷ ಇದ್ದರೆ ಮಾರುವವನು ಮೊದಲೇ ತೋರಿಸಬೇಕು. ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿದ್ದ ಒದ್ದೆ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂದು ಮಾರುವವನನ್ನು ಎಚ್ಚರಿಸಿದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಖರೀದಿಸಿದ ಮೇಲೆ ಹಳೆಯ ದೋಷ ಕಂಡುಬಂದರೆ ವಾಪಸ್ ಮಾಡುವ ಹಕ್ಕು ಖರೀದಿದಾರನಿಗೆ ಉಂಟು. ಆದರೆ ನಾವು ಅನುಸರಿಸುವ ಶಾಫಿ ಮದ್ಸ್‌ಹಬ್‌ನಲ್ಲಿ ಆ ಹಕ್ಕನ್ನು ದೋಷ ಕಂಡ ಕೂಡಲೇ ಬಳಸಬೇಕು. ದೋಷ ಗೊತ್ತಾದ ಮೇಲೂ ವಸ್ತುವನ್ನು ಬಳಸುತ್ತಾ ಕೂತರೆ ಒಪ್ಪಿಕೊಂಡ ಹಾಗೆ.

"ಹಕ್ಕು ಕೇಳುವುದು ಜಗಳ ಅಲ್ಲ. ಬೈಯಬೇಡಿ, ಹೆಚ್ಚು ಕೇಳಬೇಡಿ, ಸುಳ್ಳು ಸೇರಿಸಬೇಡಿ" ಎಂದರು ಉಸ್ತಾದರು. ಆ ದಿನದಿಂದ ಮೆಷಿನಿನ ಸ್ವಿಚ್ ಮುಟ್ಟಲಿಲ್ಲ. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುವ ಬ್ಲೇಡು ಅದು. ಬೇರಿಂಗ್ ಬಿಸಿಯಾಗುತ್ತಿದ್ದರೂ "ಓಡಿಸಿ ನೋಡಿ" ಎಂದವರ ಮಾತು ಕೇಳಿ ಬೇರಿಂಗ್ ಒಡೆದಿದ್ದರೆ, ನಮ್ಮ ಬೆರಳಿಗೆ ವಾರಂಟಿ ಯಾರು ಕೊಡ್ತಾರೆ?

ಕಾನೂನಿನಲ್ಲಿ ಎಂತ ಉಂಟು?

ದುಡಿಮೆಗೆ ಮೆಷಿನ್ ತೆಗೆದುಕೊಂಡವರು ಗ್ರಾಹಕರೇ ಅಲ್ಲ, ಅವರಿಗೆ ಗ್ರಾಹಕ ಆಯೋಗ ಇಲ್ಲ ಎಂದು ಹಲವರು ಹೇಳ್ತಾರೆ. ಇದು ಅರ್ಧ ಸತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿದೆ, ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವ ವಸ್ತು ಆ 'ವಾಣಿಜ್ಯ'ದಲ್ಲಿ ಸೇರುವುದಿಲ್ಲ ಎಂದೂ ಅದೇ ಕಾಯ್ದೆ ಹೇಳ್ತದೆ.

ಹಳೆಯ ಕಾಯ್ದೆಯಲ್ಲೂ ಇಂಥದ್ದೇ ವಿವರಣೆ ಇತ್ತು. 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಆ ಪ್ರಕರಣವೂ ಮೆಷಿನ್ ಖರೀದಿಯದ್ದೇ. ಖರೀದಿಸಿದ ಸಂಸ್ಥೆ ದೊಡ್ಡ ಮಟ್ಟದ ಉತ್ಪಾದನೆಗೆ ತೆಗೆದುಕೊಂಡಿದ್ದರಿಂದ ಅದನ್ನು ಗ್ರಾಹಕ ಎಂದು ಕೋರ್ಟ್ ಒಪ್ಪಲಿಲ್ಲ. ಆದರೆ ಲೇತ್ ಅಥವಾ ಬೇರೆ ಮೆಷಿನ್ ಖರೀದಿಸಿ ತಾನೇ ನಡೆಸಿ ಬದುಕುವವನು ಗ್ರಾಹಕ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ ಎಂದಿತು. ನಮ್ಮಂಥ ಸಣ್ಣ ಶೆಡ್ಡಿನವರಿಗೆ ಇದು ದೊಡ್ಡ ಆಸರೆ. ಮೆಷಿನ್ ಇಟ್ಟು ಬೇರೆಯವರಿಂದಲೇ ನಡೆಸುವವರಿಗೆ ಮಾತ್ರ ಈ ದಾರಿ ಕಷ್ಟ.

ಬಿಲ್ ಕೊಡದಿರುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ದೋಷದ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಹಾಗೆಯೇ. ನಾವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವ್ಯಾಪಾರಿ ಹೊರಜಿಲ್ಲೆಯವರಾದರೂ ದಕ್ಷಿಣ ಕನ್ನಡದವರಿಗೆ ಮಂಗಳೂರು ಸಾಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರಿಲ್ಲದೆ ನಾವೇ ವಾದಿಸಬಹುದು. ಆದರೆ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕನ್ನಡದಲ್ಲೇ ದೂರು ಬರೆದುಕೊಂಡು ಎದುರಿನವರಿಗೆ ಕಳಿಸ್ತಾರೆ. ಅದು ಕೋರ್ಟ್ ಅಲ್ಲ, ತೀರ್ಪು ಕೊಡುವುದಿಲ್ಲ. ಆದರೂ ನಾವು ಯಾವ ದಿನ ದೂರಿದೆವು ಎಂಬ ದಾಖಲೆ ಉಳಿಯುತ್ತದೆ.

ನಾವು ಮಾಡಿದ್ದು

ಒಂದೇ ಹಲಗೆಯಿಂದ ಎರಡು ಪಟ್ಟಿ ಸೀಳಿ, ಒಂದೇ ಸೆಟ್ಟಿಂಗಿನಲ್ಲಿ ಒಂದನ್ನು ಎಡಬದಿಯಿಂದ, ಒಂದನ್ನು ಬಲಬದಿಯಿಂದ ತೂರಿಸಿ ಅಳೆದ ವಿಡಿಯೋ ಮೊದಲ ವಾರದಲ್ಲೇ ಮಾಡಿಟ್ಟಿದ್ದೆವು. ವರ್ನಿಯರ್‌ನಲ್ಲಿ ಒಂದು 19.2, ಇನ್ನೊಂದು 20.1 ಮಿಲ್ಲಿಮೀಟರ್. ಬ್ಯಾಂಕಿನಿಂದ ಹೋದ 50,000ದ ವಿವರ, ಲಾರಿಯವರ ರಸೀದಿ, ವಾಟ್ಸಾಪ್‌ನಲ್ಲಿ ವ್ಯಾಪಾರಿಯೇ ಬರೆದ "ನಾಳೆ ಹುಡುಗ ಬರ್ತಾನೆ" ಎಂಬ ಮಾತುಗಳು, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ವೋಲ್ಟೇಜ್. ಇವನ್ನೆಲ್ಲ ಸೇರಿಸಿ, ತಾರೀಕು ಹಾಕಿ, ಹದಿನೈದು ದಿನದೊಳಗೆ ಸರಿಮಾಡಿ ಅಥವಾ ಹಣ ವಾಪಸ್ ಕೊಡಿ ಎಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಕಳಿಸಿದೆವು. ಇಲ್ಲದಿದ್ದರೆ ಆಯೋಗಕ್ಕೆ ಹೋಗುತ್ತೇವೆ ಎಂದು ಕೊನೆಯ ಸಾಲಿನಲ್ಲಿ ಬರೆದೆವು. ಬೈಗುಳ ಒಂದೂ ಇರಲಿಲ್ಲ.

ಹನ್ನೆರಡನೇ ದಿನ ಮೆಕ್ಯಾನಿಕ್ ಬಂದ. ಬ್ಲೇಡ್ ಕೂರುವ ಕಟ್ಟರ್ ಬ್ಲಾಕೇ ಓರೆ ಇತ್ತು. ಬ್ಲಾಕ್, ಎರಡು ಬೇರಿಂಗ್ ಬದಲಾಯಿಸಿ, ಮೇಜು ಸಮ ಮಾಡಿ ಹೋದ. ಈಗ ಮೆಷಿನ್ ಸರಿ ಓಡ್ತಾ ಉಂಟು, ಅಲ್‌ಹಮ್ದುಲಿಲ್ಲಾಹ್. ನಾವೂ ಉಳಿಸಿದ್ದೇವೆಂದುಕೊಂಡಿದ್ದ 21,600 ತೆರಿಗೆ ಕಟ್ಟಿ, ಸೀರಿಯಲ್ ನಂಬರ್ ಮತ್ತು ಒಂದು ವರ್ಷದ ವಾರಂಟಿ ಬರೆದ ಬಿಲ್ ತರಿಸಿಕೊಂಡೆವು. ಬಾಡಿಗೆಗೆ ಹೋದ 18,000 ಮಾತ್ರ ವಾಪಸ್ ಬರಲಿಲ್ಲ. ಆ ನಡುವೆ ಕೈಬಿಟ್ಟುಹೋದ ಎರಡು ಮನೆಯ ಕೆಲಸವೂ ಬರಲಿಲ್ಲ. ಕಾಕ ಊರಿಗೆ ಬರುವ ಮಾತು ಇನ್ನೊಂದು ವರ್ಷ ಮುಂದೆ ಹೋಯಿತು.

ಖರೀದಿಸುವವರು ಇಷ್ಟು ಮಾಡಿ

ಹಣ ಕೊಡುವ ಮೊದಲು ಮೆಷಿನನ್ನು ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ. ನಿಮ್ಮದೇ ಮರ ಒಯ್ದು ಎರಡೂ ಬದಿಯಲ್ಲಿ ತೂರಿಸಿ ಅಳೆಯಿರಿ. ಬಿಡಿಭಾಗ ಎಲ್ಲಿ ಸಿಗ್ತದೆ, ರಿಪೇರಿಗೆ ಯಾರು ಬರ್ತಾರೆ, ಎಷ್ಟು ದಿನದೊಳಗೆ, ಬಂದು ಹೋಗುವ ಖರ್ಚು ಯಾರದ್ದು ಎಂದು ಕೇಳಿ ಬಿಲ್ಲಿನಲ್ಲೇ ಬರೆಸಿ. ಅದೇ ಅಂಗಡಿಯಿಂದ ವರ್ಷದ ಹಿಂದೆ ತೆಗೆದುಕೊಂಡ ಒಬ್ಬಿಬ್ಬರಿಗೆ ಫೋನ್ ಮಾಡಿ, ಕೆಟ್ಟಾಗ ಬಂದರಾ ಎಂದು ವಿಚಾರಿಸಿ. ಹಣ ಆದಷ್ಟು ಬ್ಯಾಂಕಿನ ಮೂಲಕವೇ ಕೊಡಿ. ದೋಷ ಕಂಡರೆ ಅದೇ ದಿನ ಮೆಷಿನ್ ನಿಲ್ಲಿಸಿ, ಬರೆದು ತಿಳಿಸಿ. ಫೋನಿನ ಮಾತಿಗೆ ಗುರುತು ಉಳಿಯುವುದಿಲ್ಲ.

ವ್ಯಾಪಾರಿ ನಮ್ಮವರೇ ಆಗಿದ್ದರೆ ಬರೆಸುವುದು ಇನ್ನೂ ಸುಲಭ ಆಗಬೇಕು. ಬರೆದುಕೊಡಿ ಎಂದದ್ದಕ್ಕೆ ಮುಖ ಸಣ್ಣದು ಮಾಡುವವರ ಹತ್ತಿರ ಖರೀದಿಸದಿರುವುದೇ ಒಳ್ಳೆಯದು ಎಂದು ಈಗ ನಮಗೆ ಅನಿಸುತ್ತದೆ.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಪೂರ್ತಿ ಆಗುವುದಿಲ್ಲ. ರಿಜಿಸ್ಟರ್ಡ್ ಪತ್ರ ಬರೆಯುತ್ತಾ ಕೂತ ರಾತ್ರಿ ಉಮ್ಮ ಕೇಳಿದರು, "ಆ ಟೀಚರ ಕಪಾಟಿನ ಡ್ರಾಯರ್ ಎಂತ ಆಯ್ತು?" ಕಳೆದ ಮಳೆಗಾಲದಲ್ಲಿ ಮರ ಉಬ್ಬಿ ಡ್ರಾಯರ್ ಸಿಕ್ಕಿಹಾಕಿಕೊಂಡಿದೆ ಎಂದು ಅವರು ನಾಲ್ಕು ಸಲ ಫೋನ್ ಮಾಡಿದ್ದರು. ನಾಲ್ಕು ಸಲವೂ ನಾವು "ನಾಳೆ ಬರ್ತೇವೆ, ಇನ್ಶಾ ಅಲ್ಲಾಹ್" ಎಂದಿದ್ದೆವು. ಮರುದಿನ ಬೆಳಿಗ್ಗೆ ಪೋಸ್ಟ್ ಆಫೀಸಿಗೆ ಹೋಗುವ ದಾರಿಯಲ್ಲಿ ಮೊದಲು ಕೀಸುಳಿ ಹಿಡಿದುಕೊಂಡು ಆ ಮನೆಗೆ ಹೋದೆವು. ಹತ್ತು ನಿಮಿಷದ ಕೆಲಸ ಇತ್ತು. ಟೀಚರು ಏನೂ ಹೇಳಲಿಲ್ಲ, ಚಾ ಕೊಟ್ಟರು.